ಬಂದಿದೆ ಅಲ್ಲ, ಬಂದಿಲ್ಲ

ಬೆಳಗಿನ ಐದು ಗಂಟೆ. ಕೆಳಗಿನ ಬೇಕರಿಯವನು ಷಟರ್ ಎತ್ತುತ್ತಾನೆ. ಆ ಕರಕರ ಸದ್ದು ನಿಲ್ಲುವ ಮೊದಲೇ ಮೂರನೇ ಮಹಡಿಯ ಕಿಟಕಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಎಪ್ಪತ್ತೊಂದು ವರ್ಷದ ಹೆಂಗಸೊಬ್ಬರು ಟೀ ಲೋಟವನ್ನು ಕಾಗದಗಳಿಂದ ಒಂದು ಮೊಳ ದೂರ ಸರಿಸಿ, ಕುರ್ಚಿಗೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿಕೊಂಡು ಕೂರುತ್ತಾರೆ. ಎದುರಿಗೆ ನಲವತ್ತು ಪುಟದ ಒಂದು ಪ್ರಬಂಧ, ದೂರದ ಕಾಲೇಜಿನ ಅಧ್ಯಾಪಕನೊಬ್ಬ ಬರೆದದ್ದು. ಈಕೆಗೆ ಅವನ ವಾದ ಬೇಕಿಲ್ಲ, ಮುನ್ನುಡಿಯೂ ಬೇಕಿಲ್ಲ. ಪೆನ್ಸಿಲ್ಲಿನ ತುದಿ ನೇರ ಪುಟದ ಬುಡಕ್ಕಿಳಿದು ಅಡಿಟಿಪ್ಪಣಿಗಳ ಮೇಲೆ ಇರುವೆಯಂತೆ ಹರಿಯುತ್ತದೆ. ಐವತ್ತೇಳನೇ ಟಿಪ್ಪಣಿಯ ಹತ್ತಿರ ನಿಂತುಬಿಡುತ್ತದೆ.

“ಇಲ್ಲೂ ಕೊಂದಿದ್ದಾನೆ ಆ ಮನುಷ್ಯನ್ನ,” ಎನ್ನುತ್ತಾರೆ. ದನಿ ಏರುವುದಿಲ್ಲ. ಹಲ್ಲು ಮಾತ್ರ ಕಚ್ಚಿಕೊಂಡಿರುತ್ತದೆ.

ಟೈಪ್‌ರೈಟರಿಗೆ ಎರಡು ಹಾಳೆ, ನಡುವೆ ಒಂದು ಕಾರ್ಬನ್. ಹತ್ತೂ ಬೆರಳು ನೋಡದೆ ಓಡುತ್ತವೆ. ‘ಮಾನ್ಯರೇ, ನಿಮ್ಮ ಪ್ರಬಂಧದ ಹನ್ನೆರಡನೇ ಪುಟದಲ್ಲಿ ಸತ್ತ ಮನುಷ್ಯನೊಬ್ಬನ ಬಗ್ಗೆ ಸುಳ್ಳು ಇದೆ. ಬೇರೆಯವರ ಪುಸ್ತಕ ನಂಬಿ ಬರೆದಿದ್ದೀರಿ, ಹಾಗಾಗಿ ಅದು ನಿಮ್ಮ ತಪ್ಪಲ್ಲ. ಈ ಪತ್ರ ಓದಿದ ಮೇಲೂ ಹಾಗೆಯೇ ಬಿಟ್ಟರೆ ನಿಮ್ಮ ತಪ್ಪು.’ ಇದು ಅವರು ಬರೆಯುತ್ತಿರುವ ನಾನೂರ ಮೂವತ್ತೊಂದನೇ ಪತ್ರ.

ಒಳಗಿನ ಕೋಣೆಯಿಂದ ಯಜಮಾನರು ಎದ್ದು ಬರುತ್ತಾರೆ. ಕೈಗಡಿಯಾರ ರಿಪೇರಿ ಮಾಡಿ ಬದುಕಿದವರು, ಈಗಲೂ ಅಕ್ಕಪಕ್ಕದವರ ಗಡಿಯಾರ ಬಿಚ್ಚುತ್ತಾರೆ. ಲಕೋಟೆಗೆ ಅಂಟು ಹಚ್ಚುವ ಕೆಲಸ ಅವರದು. “ಇವಳ ಸಿಟ್ಟಿನಿಂದಲೇ ಅಂಚೆ ಇಲಾಖೆ ಇನ್ನೂ ಬಾಗಿಲು ಹಾಕಿಲ್ಲ,” ಎಂದು ಅವರು ನಗುತ್ತಾರೆ. ಅವರ ಹೆಂಡತಿ ನಗುವುದಿಲ್ಲ.

ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಈಕೆಗೆ ಒಂದು ಅಡ್ಡಹೆಸರಿದೆ: ಕೊಕ್ಕೆಯಮ್ಮ. ಎಲ್ಲದಕ್ಕೂ ಕೊಕ್ಕೆ ಹಾಕುವವಳು ಎಂದು ಅಲ್ಲಿಯವರು ಅಂದುಕೊಂಡು ಇಟ್ಟದ್ದು. ಈಕೆ ಅದನ್ನೇ ತಮ್ಮ ಲಕೋಟೆಯ ಹಿಂದೆ, ಕಳಿಸಿದವರ ವಿಳಾಸದ ಮೇಲೆ ಟೈಪ್ ಮಾಡುತ್ತಾರೆ. ಯಾಕೆಂದರೆ ಇಡೀ ಜಗಳ ಇರುವುದು ನಿಜವಾಗಿಯೂ ಒಂದು ಕೊಕ್ಕೆಯ ಬಗ್ಗೆ.

ಐವತ್ತೊಂದು ವರ್ಷದ ಹಿಂದೆ ಬಂದರಿನಲ್ಲಿ ಮುಷ್ಕರ ನಡೆದಿತ್ತು. ಎರಡನೇ ಗೇಟಿನ ಮುಂದೆ ಪೊಲೀಸರು ಗುಂಡು ಹಾರಿಸಿದರು, ಹದಿನೇಳು ಕಾರ್ಮಿಕರು ಸತ್ತರು. ಗುಂಡು ಹಾರಿಸುವ ಮುಂಚೆ ಅಲ್ಲಿದ್ದ ಅಧಿಕಾರಿ ಟೆಲಿಫೋನ್ ವಿನಿಮಯ ಕೇಂದ್ರಕ್ಕೆ ಫೋನ್ ಮಾಡಿ, ಮೇಲಿನಿಂದ ಆದೇಶ ಬಂತೇ ಎಂದು ಕೇಳಿದ್ದ. ಆ ಹೊತ್ತಿನಲ್ಲಿ ಬೋರ್ಡಿನ ಮುಂದೆ ಕೂತಿದ್ದ ಆಪರೇಟರ್ ಏನೋ ಉತ್ತರ ಕೊಟ್ಟ. ಆಮೇಲೆ ವಿಚಾರಣಾ ಆಯೋಗ ಕೂತಿತು. ‘ಆದೇಶ ಬಂದಿದೆ ಎಂದು ಆಪರೇಟರ್ ಹೇಳಿದ’ ಎಂದ ಅಧಿಕಾರಿ. ಅದಕ್ಕೆ ಆಪರೇಟರ್ ಆಯೋಗದ ಮುಂದೆ ಏನು ಹೇಳಿದ ಎನ್ನುವುದು ಅಂದಿನ ಶೀಘ್ರಲಿಪಿ ಟಿಪ್ಪಣಿಯಲ್ಲಿ ಮಾತ್ರ ಉಳಿಯಿತು. ಸರ್ಕಾರ ಬದಲಾಯಿತು, ಆಯೋಗದ ವರದಿ ಅಚ್ಚಾಗಲೇ ಇಲ್ಲ. ನಲವತ್ತಾರು ನೋಟ್‌ಪುಸ್ತಕಗಳು ಪತ್ರಾಗಾರದ ಕಪಾಟು ಸೇರಿದವು.

ಅವುಗಳನ್ನು ಬರೆದವರು ಶಾಸನಸಭೆಯಲ್ಲಿ ಮಾತುಗಳನ್ನು ಬರೆದುಕೊಳ್ಳುವ ಹಿರಿಯ ವರದಿಗಾರರೊಬ್ಬರು. ಕೊಕ್ಕೆಯಮ್ಮ ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಲ್ಲಿ ಅದೇ ಕೆಲಸಕ್ಕೆ ಸೇರಿದಾಗ ಕೈ ತಿದ್ದಿದ್ದೂ ಅವರೇ. ಈಗಲೂ ಅವರ ಮಾತು ಬಂದರೆ ‘ನಮ್ಮ ಮೇಷ್ಟ್ರು’ ಎನ್ನುತ್ತಾರೆ. ಮೇಷ್ಟ್ರು ಬಳಸುತ್ತಿದ್ದದ್ದು ಯಾವ ಶಾಲೆಯಲ್ಲೂ ಕಲಿಸದ ಲಿಪಿ. ಹಳೆಯ ಪದ್ಧತಿಗೆ ತಮ್ಮದೇ ಸುಳಿ, ಚುಕ್ಕೆ, ಗೆರೆ ಸೇರಿಸಿಕೊಂಡಿದ್ದರು. ಮಾತಾಡುವವರ ನಾಲಿಗೆಗಿಂತ ಅವರ ಪೆನ್ನು ಮುಂದೆ ಓಡುತ್ತಿತ್ತು ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಕೈಬರಹ ಓದಬಲ್ಲವರು ಒಬ್ಬರೇ ಉಳಿದರು.

ಇಪ್ಪತ್ತಮೂರು ವರ್ಷದ ಹಿಂದೆ ಒಬ್ಬ ಪ್ರೊಫೆಸರ್ ಆ ಒಬ್ಬರನ್ನು ಹುಡುಕಿಕೊಂಡು ಬಂದರು. ರಾಜಕೀಯ ಇತಿಹಾಸಕಾರರು, ಆಗಿನ್ನೂ ಅಷ್ಟು ಹೆಸರಿಲ್ಲ. ನೋಟ್‌ಪುಸ್ತಕಗಳ ನಕಲು ತೆಗೆಸಿದ್ದರು, ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ಕೊಕ್ಕೆಯಮ್ಮ ಒಪ್ಪಿಕೊಂಡರು. ಸತ್ತವರ ಹೆಂಡತಿ ಮಕ್ಕಳು ಹೇಳಿದ ಸಾಕ್ಷಿ ಕಪಾಟಿನಲ್ಲಿ ಕೊಳೆಯುವುದು ಬೇಡ ಎಂದು ಒಪ್ಪಿಕೊಂಡೆ ಎನ್ನುತ್ತಾರೆ. ದಿನಾ ಬೆಳಿಗ್ಗೆ ಐದರಿಂದ ಎಂಟು, ಆಮೇಲೆ ಆಫೀಸು. ನಾಲ್ಕು ವರ್ಷ, ಮೂರು ಸಾವಿರದ ಇನ್ನೂರು ಪುಟ. ಗೆರೆ ದಪ್ಪವೋ ತೆಳುವೋ ಎಂಬ ಅನುಮಾನ ಬಂದಾಗ ಗಂಡನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಲಸ ಮುಗಿದ ದಿನ ಪ್ರೊಫೆಸರ್ ನೋಟ್‌ಪುಸ್ತಕಗಳ ನಕಲನ್ನು ಇವರ ಬಳಿಯೇ ಬಿಟ್ಟು, ಒಂದು ಪೆನ್ನು ಕೊಟ್ಟರು. ಮನೆಗೆ ಬಂದು ನೋಡಿದರೆ ಇಂಕು ಮುಗಿದಿತ್ತು.

ಮರುವರ್ಷ ಪುಸ್ತಕ ಬಂತು. ಕೃತಜ್ಞತೆಯ ಪುಟದಲ್ಲಿ ಅರವತ್ತೊಂದು ಹೆಸರಿದ್ದವು, ಪ್ರೊಫೆಸರರ ನಾಯಿಯದ್ದೂ ಸೇರಿ. ಕೊನೆಯ ಸಾಲು ‘ಬೆರಳಚ್ಚಿನಲ್ಲಿ ನೆರವಾದ ಕಚೇರಿ ಸಿಬ್ಬಂದಿಗೆ’. ಕೊಕ್ಕೆಯಮ್ಮನಿಗೆ ಅದರಿಂದ ಸಿಟ್ಟು ಬರಲಿಲ್ಲವಂತೆ. ಯಜಮಾನರಿಗೆ ಬಂತು, ಎರಡು ದಿನ ಊಟ ಬಿಟ್ಟು ಬೈದಾಡಿದರು. “ಹೆಸರು ಕಟ್ಕೊಂಡು ನಂಗೇನು? ನಾಯಿ ಹೆಸರಾದ್ರೂ ಬಂತಲ್ಲ ಅಂದೆ,” ಎನ್ನುತ್ತಾರೆ ಕೊಕ್ಕೆಯಮ್ಮ.

ಸಿಟ್ಟು ಬಂದದ್ದು ಇನ್ನೂರ ಹದಿನಾಲ್ಕನೇ ಪುಟದಲ್ಲಿ. ಆಪರೇಟರನ ಸಾಕ್ಷಿಯನ್ನು ಪ್ರೊಫೆಸರ್ ಹೀಗೆ ಉಲ್ಲೇಖಿಸಿದ್ದರು: ‘ಆದೇಶ ಬಂದಿದೆ ಎಂದು ನಾನು ಹೇಳಿದೆ.’ ಕೆಳಗೆ ಅಡಿಟಿಪ್ಪಣಿ: ಶೀಘ್ರಲಿಪಿ ನೋಟ್‌ಪುಸ್ತಕ ಮೂವತ್ತೊಂದು, ಹಾಳೆ ಎಂಬತ್ತೆಂಟು, ಓದು ಲೇಖಕರದು.

ಓದು ಲೇಖಕರದು. ಶೀಘ್ರಲಿಪಿಯ ಒಂದು ಗೆರೆಯನ್ನೂ ಓದಲು ಬಾರದ ಮನುಷ್ಯ ಬರೆದ ಮಾತು ಇದು.

ಕೊಕ್ಕೆಯಮ್ಮ ಕಪಾಟಿನಿಂದ ತಮ್ಮ ಕಾರ್ಬನ್ ಪ್ರತಿ ತೆಗೆದರು. ಅದರಲ್ಲಿ ‘ಆದೇಶ ಬಂದಿಲ್ಲ ಎಂದು ನಾನು ಹೇಳಿದೆ’ ಎಂದು ಸ್ಪಷ್ಟವಾಗಿತ್ತು. ಮೇಷ್ಟ್ರ ಕೈಯಲ್ಲಿ ‘ಬಂದಿದೆ’ ಎಂಬುದು ನೇರ ಗೆರೆಯಲ್ಲಿ ಮುಗಿಯುತ್ತದೆ. ‘ಬಂದಿಲ್ಲ’ ಎಂಬುದಕ್ಕೆ ಕೊನೆಯಲ್ಲಿ ಉಗುರಿನ ತುದಿಯಷ್ಟು ಒಂದು ಕೊಕ್ಕೆ. ಅದೇ ಮೂವತ್ತೊಂದನೇ ಪುಸ್ತಕದಲ್ಲಿ ಇನ್ನೂ ಹನ್ನೊಂದು ಕಡೆ ಆ ಕೊಕ್ಕೆ ಇದೆ. ಹನ್ನೊಂದನ್ನೂ ಪ್ರೊಫೆಸರ್ ‘ಇಲ್ಲ’ ಎಂದೇ ತಮ್ಮ ಪುಸ್ತಕದಲ್ಲಿ ಬಳಸಿದ್ದಾರೆ. ಹನ್ನೆರಡನೆಯದು ಮಾತ್ರ ಅವರಿಗೆ ‘ಇದೆ’ ಆಯಿತು.

ಯಾಕಾಯಿತು ಎಂದು ತಿಳಿಯಲು ಮಹಾ ಪಾಂಡಿತ್ಯ ಬೇಡ. ಗುಂಡಿನ ಆದೇಶ ಮಂತ್ರಿಯ ಕೋಣೆಯಿಂದಲೇ ಬಂತು ಎನ್ನುವುದು ಪುಸ್ತಕದ ಜೀವಾಳ. ಗುಂಡು ಹಾರಿಸಿದ ಅಧಿಕಾರಿಯ ಸ್ವಂತ ಮಾತು ಬಿಟ್ಟರೆ ಅದಕ್ಕೆ ಇದ್ದ ಒಂದೇ ಸಾಕ್ಷಿ ಈ ವಾಕ್ಯ. ಆದೇಶ ಬಂದಿಲ್ಲ ಎಂದಾದರೆ ಗೇಟಿನ ಮುಂದಿದ್ದ ಅಧಿಕಾರಿ ತಾನೇ ಗುಂಡು ಹಾರಿಸಿದ ಎಂದಾಗುತ್ತದೆ, ಐದನೇ ಅಧ್ಯಾಯ ಕುಸಿದು ಬೀಳುತ್ತದೆ. ಒಂದು ಅಧ್ಯಾಯ ನಿಲ್ಲಬೇಕಿತ್ತು, ಅದಕ್ಕೆ ಒಬ್ಬ ಆಪರೇಟರನನ್ನು ಅಡಿಗಲ್ಲು ಮಾಡಿ ಹೂತರು.

ಆ ವಾರವೇ ಕೊಕ್ಕೆಯಮ್ಮ ಕಾರ್ಬನ್ ಪ್ರತಿ ಹಿಡಿದು ಪ್ರೊಫೆಸರರ ಕೋಣೆಗೆ ಹೋದರು. ಪ್ರೊಫೆಸರ್ ಕೂರಿಸಿದರು, ಟೀ ತರಿಸಿದರು. ಮೇಷ್ಟ್ರ ಪೆನ್ನು ಜಾರಿರಬಹುದು, ಸಂದರ್ಭ ನೋಡಿದರೆ ‘ಬಂದಿದೆ’ಯೇ ಸರಿಹೋಗುತ್ತದೆ ಎಂದರು. ಇವರು ಉಳಿದ ಹನ್ನೊಂದು ಕೊಕ್ಕೆ ತೋರಿಸಿದರು. ಆಗ ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮ, ಟೈಪ್ ಮಾಡಿದ್ದು ನೀವು. ಚೆನ್ನಾಗಿ ಮಾಡಿದ್ದೀರಿ. ಅರ್ಥ ಮಾಡೋದು ನನ್ನ ಕೆಲಸ.”

ಆ ಮಾತನ್ನು ಕೊಕ್ಕೆಯಮ್ಮ ಹದಿನೆಂಟು ವರ್ಷದ ನಂತರವೂ ಅದೇ ನಿಧಾನದಲ್ಲಿ, ಅದೇ ಮೆತ್ತಗಿನ ದನಿಯಲ್ಲಿ ಹೇಳಿ ತೋರಿಸುತ್ತಾರೆ. ವರದಿಗಾರರ ಕಿವಿ, ಒಮ್ಮೆ ಕೇಳಿದ್ದು ಅಳಿಸಿಹೋಗುವುದಿಲ್ಲ.

ಇಲ್ಲಿಂದ ಮುಂದಿನದನ್ನು ನಾವು ಕೇಳದೆಯೇ ಅವರು ಹೇಳುತ್ತಾರೆ. ಮುಚ್ಚಿಡುವುದಿಲ್ಲ. ಅಂದು ಮನೆಗೆ ಬಂದು ಕಾರ್ಬನ್ ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಪ್ರೊಫೆಸರ್ ಶಾಸನಸಭೆಯ ಗ್ರಂಥಾಲಯ ಸಮಿತಿಯಲ್ಲಿದ್ದರು, ಅಧಿಕಾರಿಗಳು ಅವರ ಕಾರಿನ ಬಾಗಿಲು ತೆಗೆಯುತ್ತಿದ್ದರು. ಇವರಿಗೆ ನೌಕರಿ ಇನ್ನೂ ಏಳು ವರ್ಷವಿತ್ತು.

“ಮೊದಲ ಏಳು ವರ್ಷಕ್ಕೆ ನೌಕರಿ ಒಂದು ನೆಪ. ರಿಟೈರ್ ಆದ ಮೇಲಿನ ನಾಲ್ಕು ವರ್ಷಕ್ಕೆ ಯಾವ ನೆಪಾನೂ ಇಲ್ಲ,” ಎನ್ನುತ್ತಾರೆ. “ನಂಗೆ ಯಾಕೆ ಊರ ಉಸಾಬರಿ ಅಂತ ಸುಮ್ನಿದ್ದೆ. ಅವರ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಬರ್ಕೊಳ್ಳಿ ಅದನ್ನ.”

ಆ ಹನ್ನೊಂದು ವರ್ಷದಲ್ಲಿ ಪುಸ್ತಕ ಬೆಳೆಯಿತು. ಒಬ್ಬರು ಉಲ್ಲೇಖಿಸಿದರು, ಅವರನ್ನು ನೋಡಿ ಹತ್ತು ಮಂದಿ, ಆ ಹತ್ತನ್ನು ನೋಡಿ ನೂರು ಮಂದಿ. ಮೂಲದ ಹಾಳೆ ತೆರೆದು ನೋಡಿದವರು ಒಬ್ಬರೂ ಇಲ್ಲ. ಆಪರೇಟರನ ವಾಕ್ಯ ಒಂಬತ್ತನೇ ತರಗತಿಯ ಪಾಠಪುಸ್ತಕಕ್ಕೂ ಹೋಯಿತು, ಬಣ್ಣದ ಚೌಕದೊಳಗೆ, ‘ಹದಿನೇಳು ಜೀವ ತೆಗೆದ ಒಂದು ಮಾತು’ ಎಂಬ ತಲೆಬರಹದಡಿ. ಪ್ರೊಫೆಸರರ ಉಲ್ಲೇಖಗಳ ಸಂಖ್ಯೆಯನ್ನು ವಿಶ್ವವಿದ್ಯಾಲಯ ತನ್ನ ಹೆಬ್ಬಾಗಿಲಿನ ಫಲಕದ ಮೇಲೆ ಹಾಕಿ ಪ್ರತಿವರ್ಷ ತಿದ್ದುತ್ತದೆ. ಆ ಒಂದು ಅಂಕಿಯನ್ನು ತಿದ್ದಲು ಅಲ್ಲಿ ಜನರಿದ್ದಾರೆ.

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಈ ಮೂರನೇ ಮಹಡಿಯ ಬಾಗಿಲು ತಟ್ಟಿದಳು. ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು, ಖಾಕಿ ಅಂಗಿ, ಹೆಗಲಲ್ಲಿ ಟಿಕೆಟ್ ಚೀಲ. ಸತ್ತುಹೋದ ತಂದೆಯ ಸಾಕ್ಷಿ ನೋಡಬೇಕೆಂದು ಪತ್ರಾಗಾರಕ್ಕೆ ಹೋಗಿದ್ದಳು. ನೋಡಬಹುದು, ಓದೋಕೆ ಮಾತ್ರ ಆಗಲ್ಲ, ಓದುವವರು ಒಬ್ಬರೇ ಇದ್ದಾರೆ ಎಂದು ಅಲ್ಲಿನ ಗುಮಾಸ್ತ ವಿಳಾಸ ಬರೆದುಕೊಟ್ಟಿದ್ದ. ಅವಳು ಆ ಆಪರೇಟರನ ಮಗಳು.

ಕೊಕ್ಕೆಯಮ್ಮ ಬೀಗ ತೆಗೆದರು. ಹಾಳೆ ಎಂಬತ್ತೆಂಟರ ಶೀಘ್ರಲಿಪಿ ನಕಲನ್ನು ಮೇಜಿನ ಮೇಲಿಟ್ಟು, ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಓದಿದರು. ಕಂಡಕ್ಟರ್ ಇನ್ನೊಂದು ಸಲ ಓದಿ ಎಂದಳು. ಓದಿದರು. ಮತ್ತೊಂದು ಸಲ ಎಂದಳು. ಮೂರನೇ ಸಲ ಓದುವಾಗ ಕಂಡಕ್ಟರ್ ತಾನೂ ಆ ಗೆರೆಯ ಮೇಲೆ ಬೆರಳಿಟ್ಟಳು.

“ಅಪ್ಪ ಸಾಯೋವರೆಗೂ ಇದನ್ನೇ ಹೇಳ್ತಿದ್ರು,” ಎಂದಳು. “ನಾವೇ ನಂಬಲಿಲ್ಲ. ಪುಸ್ತಕದಲ್ಲಿ ಬೇರೆ ಥರ ಇತ್ತಲ್ಲ.”

ಆಮೇಲೆ ಅವಳು ಉಳಿದದ್ದನ್ನು ಹೇಳಿದಳು. ಸತ್ತ ಹದಿನೇಳು ಮಂದಿಯ ನೆನಪಿಗೆ ಬಂದರಿನ ಕಾರ್ಮಿಕರು ಪ್ರತಿವರ್ಷ ಗೇಟಿನ ಮುಂದೆ ಸೇರುತ್ತಾರೆ. ಆಪರೇಟರ್ ಮೂವತ್ತೆರಡು ವರ್ಷ ತಪ್ಪದೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತವನು. ಪುಸ್ತಕ ಬಂದ ಮೇಲೆ, ಇನ್ನು ಬರಬೇಡಿ ಎಂದು ಸಂಘದವರು ಮನೆಗೇ ಬಂದು ಹೇಳಿಹೋದರು. ಅವನು ನಿವೃತ್ತ ನೌಕರರ ಸಭೆಗೆ ಹೋಗುವುದನ್ನು ಬಿಟ್ಟ, ಹಾಲು ತರಲು ಹೊರಡುವುದನ್ನೂ ಬಿಟ್ಟ. ಒಂದು ದಿನ ಮೊಮ್ಮಗಳು ಪಾಠಪುಸ್ತಕ ತೆರೆದು, ಇದು ನೀನಾ ತಾತ ಎಂದು ಕೇಳಿದಳು. ಯಾಕಪ್ಪಾ ಹಾಗೆ ಹೇಳಿದೆ ಎಂದು ಸ್ವಂತ ಮಗಳೇ ಗದರಿದ್ದಳು. ಎಂಟು ವರ್ಷ ಹೀಗೆ ಬದುಕಿ ಎಪ್ಪತ್ತೈದನೇ ವಯಸ್ಸಿನಲ್ಲಿ ಸತ್ತ.

ಅವನು ಸತ್ತು ಆಗ ಮೂರು ವರ್ಷವಾಗಿತ್ತು. ಕೊಕ್ಕೆಯಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದ ಕಾಲದಲ್ಲಿ ಅವನು ನಾಲ್ಕು ಬಸ್ ಸ್ಟಾಪ್ ಆಚೆ ಬದುಕಿದ್ದ.

ಮರುದಿನ ಬೆಳಿಗ್ಗೆ ಐದಕ್ಕೆ ಮೊದಲ ಪತ್ರ ಹೊರಟಿತು, ಪ್ರೊಫೆಸರರಿಗೇ. ಉತ್ತರ ಬರಲಿಲ್ಲ. ಎರಡನೆಯದು ಪ್ರಕಾಶಕರಿಗೆ. ಲೇಖಕರನ್ನು ಸಂಪರ್ಕಿಸಿ ಎಂದರು. ಮೂರನೆಯದು ವಿಶ್ವವಿದ್ಯಾಲಯಕ್ಕೆ. ವಿದ್ವತ್ತಿನ ಭಿನ್ನಾಭಿಪ್ರಾಯಗಳಲ್ಲಿ ಸಂಸ್ಥೆ ತಲೆಹಾಕುವುದಿಲ್ಲ ಎಂದು ಬಂತು. “ಭಿನ್ನಾಭಿಪ್ರಾಯ ಅಂತೆ. ‘ಇದೆ’ಗೂ ‘ಇಲ್ಲ’ಕ್ಕೂ ಇರೋದು ಅಭಿಪ್ರಾಯಾನಾ?” ಎಂದು ಕೇಳುತ್ತಾರೆ. ಬೇರು ಅಲುಗದಿದ್ದರೆ ಎಲೆಯಿಂದಲೇ ಶುರುಮಾಡುತ್ತೇನೆ ಎಂದು, ಆ ವಾಕ್ಯವನ್ನು ಉಲ್ಲೇಖಿಸಿದ ಪ್ರತಿಯೊಬ್ಬರಿಗೂ ಬರೆಯಲು ಕೂತರು.

ಇದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಪುಸ್ತಕಕ್ಕೆ ಇದುವರೆಗೆ ಎರಡು ಸಾವಿರದ ಒಂಬೈನೂರ ನಲವತ್ತು ಉಲ್ಲೇಖಗಳಿವೆ. ಯಾವುದರಲ್ಲಿ ಆಪರೇಟರ್ ಇದ್ದಾನೆ, ಯಾವುದರಲ್ಲಿಲ್ಲ ಎಂದು ಪಟ್ಟಿ ಹೇಳುವುದಿಲ್ಲ, ಒಂದೊಂದನ್ನೂ ತರಿಸಿ ಓದಬೇಕು. ನಗರದ ಗ್ರಂಥಾಲಯದ ವಾಚನಾಲಯ ನೋಡಿಕೊಳ್ಳುವ ಹೆಂಗಸು ವಾರಕ್ಕೊಮ್ಮೆ ಕಂಪ್ಯೂಟರಿನಿಂದ ಹುಡುಕಿ ಮುದ್ರಿಸಿ ಕೊಡುತ್ತಾಳೆ. ಏಳು ವರ್ಷದಲ್ಲಿ ಆಪರೇಟರ್ ಸಿಕ್ಕಿಬಿದ್ದಿರುವ ಬರಹಗಳು ಐನೂರ ಎಂಬತ್ತೆಂಟು. ಬರೆದ ಪತ್ರ ನಾನೂರ ಮೂವತ್ತೊಂದು. ಪ್ರತಿ ಪತ್ರದ ಜೊತೆ ಹಾಳೆ ಎಂಬತ್ತೆಂಟರ ದೊಡ್ಡದು ಮಾಡಿದ ನಕಲು, ಹನ್ನೊಂದು ಕೊಕ್ಕೆಗಳ ನಕಲು. ಲಿಪಿ ಬಾರದವರೂ ಕಣ್ಣಿದ್ದರೆ ಹೋಲಿಸಿ ನೋಡಬಹುದು. ಉತ್ತರ ಬರೆದವರು ಅರವತ್ತನಾಲ್ಕು. ತಪ್ಪು ಎಂದು ಒಪ್ಪಿದವರು ಹತ್ತೊಂಬತ್ತು. ಅಚ್ಚಿನಲ್ಲಿ ತಿದ್ದಿದವರು ಮೂವರು.

“ಮೂರೇ ಮೂರು,” ಎಂದು ಬೆರಳು ತೋರಿಸುತ್ತಾರೆ. “ಆ ಮೂವರಲ್ಲಿ ಇಬ್ರು ಇನ್ನೂ ಓದ್ತಿರೋ ಮಕ್ಕಳು. ಕಳ್ಕೊಳ್ಳೋಕೆ ಏನೂ ಇಲ್ಲದವರು.”

ಇನ್ನೊಂದು ಸಂಗತಿ ತಿಳಿದ ದಿನ ಅವರು ಟೈಪ್‌ರೈಟರ್ ಮುಟ್ಟಲಿಲ್ಲವಂತೆ. ತಿದ್ದಿದ ಮೂವರೂ ‘ಪ್ರೊಫೆಸರರ ಓದು ತಪ್ಪು’ ಎಂದು ಅಡಿಟಿಪ್ಪಣಿ ಹಾಕಿದ್ದರು. ಅದನ್ನೂ ಕಂಪ್ಯೂಟರ್ ಒಂದು ಉಲ್ಲೇಖ ಎಂದೇ ಎಣಿಸಿ ಪ್ರೊಫೆಸರರ ಲೆಕ್ಕಕ್ಕೆ ಸೇರಿಸಿತು. ಅವರು ತಪ್ಪು ಎಂದು ಬರೆದರೂ ಅವರೇ ದೊಡ್ಡವರಾಗುತ್ತಾರೆ. ಬೈಗುಳವೂ ಅವರಿಗೆ ಗೊಬ್ಬರ.

ನಾಲ್ಕು ತಿಂಗಳ ಹಿಂದೆ ಪ್ರೊಫೆಸರರ ಒಟ್ಟು ಉಲ್ಲೇಖಗಳು ಹತ್ತು ಸಾವಿರ ದಾಟಿದವು. ವಿಶ್ವವಿದ್ಯಾಲಯ ಸಭೆ ಏರ್ಪಡಿಸಿತು. ಸಾರ್ವಜನಿಕರಿಗೆ ಸ್ವಾಗತ ಎಂದಿತ್ತು, ಕೊಕ್ಕೆಯಮ್ಮ ಹೋದರು. ಗಂಡ ಮತ್ತು ಕಂಡಕ್ಟರ್ ಅಕ್ಕಪಕ್ಕದಲ್ಲಿ ಕೂತರು. ಒಂದೂವರೆ ಗಂಟೆ ಹೊಗಳಿಕೆ ನಡೆಯಿತು. ಕೊನೆಗೆ ಪ್ರಶ್ನೆ ಕೇಳಬಹುದು ಎಂದಾಗ ಇವರು ಎದ್ದು, ಪ್ರಶ್ನೆ ಕೇಳದೆ, ಸೀದಾ ವೇದಿಕೆಯ ಮೆಟ್ಟಿಲು ಹತ್ತಿ ಒಂದು ಹಾಳೆಯನ್ನು ಪ್ರೊಫೆಸರರ ಮುಂದಿಟ್ಟರು. ಹಾಳೆ ಎಂಬತ್ತೆಂಟು.

“ಸಾರ್, ‘ಓದು ಲೇಖಕರದು’ ಅಂತ ಬರ್ದಿದ್ದೀರಿ. ಈ ಒಂದು ಸಾಲು ಓದಿಬಿಡಿ, ನಾನು ಹೋಗ್ತೀನಿ.”

ಪ್ರೊಫೆಸರ್ ಹಾಳೆ ನೋಡಿದರು. ತಿರುಗಿಸಿ ನೋಡಿದರು. ತಾವು ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದೇವೆ ಎಂಬುದೂ ಅವರಿಗೆ ಗೊತ್ತಾಗಲಿಲ್ಲ. ಕನ್ನಡಕ ತಂದಿಲ್ಲ ಎಂದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟರಲ್ಲಿ ನಿರೂಪಕ ಮೈಕಿಗೆ ಬಂದು, ಇವರು ಎಲ್ಲ ಕಡೆ ಕೊಕ್ಕೆ ಹಾಕುವವರು, ದಯವಿಟ್ಟು ಕೂರಿಸಿ ಎಂದ. ಇಬ್ಬರು ಕಾವಲುಗಾರರು ಎರಡು ತೋಳು ಹಿಡಿದು ಕೆಳಗಿಳಿಸಿದರು. ಆ ಹಾಳೆಯನ್ನು ಪ್ರೊಫೆಸರ್ ಮಡಚಿ ಜೇಬಿಗೆ ಹಾಕಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ಹತ್ತು ಸಾವಿರದ ಸುದ್ದಿ ಬಂತು, ಹಾಳೆಯ ಸುದ್ದಿ ಬರಲಿಲ್ಲ. ನಮ್ಮ ಪತ್ರಿಕೆಯಲ್ಲೂ ಬರಲಿಲ್ಲ.

ಪಾಠಪುಸ್ತಕದವರಿಂದಲೂ ಒಂದು ಉತ್ತರ ಬಂದಿದೆ. ಮುಂದಿನ ಮುದ್ರಣದಲ್ಲಿ ಸದರಿ ವಾಕ್ಯವನ್ನು ಕೈಬಿಡಲಾಗುವುದು ಎಂದು ಎರಡು ಸಾಲು. ಓದಿ ಯಜಮಾನರು ಖುಷಿಪಟ್ಟರು, ಅಂತೂ ಒಂದು ಗೆದ್ದೆ ಎಂದರು. ಕಂಡಕ್ಟರ್ ಪತ್ರವನ್ನು ಓದಿ ಮೇಜಿನ ಮೇಲೆ ಎಸೆದಳು. ಹದಿನಾರು ವರ್ಷ ಪ್ರತಿ ತರಗತಿಯಲ್ಲಿ ಕೊಲೆಗಾರ ಎಂದು ಓದಿಸಿ ಈಗ ಸುಮ್ಮನೆ ಅಳಿಸಿಬಿಟ್ಟರೆ, ಓದಿ ಮುಗಿಸಿದ ಅಷ್ಟು ಮಕ್ಕಳ ತಲೆಯಲ್ಲಿರುವುದನ್ನು ಯಾರು ಅಳಿಸುತ್ತಾರೆ ಎಂದು ಕೇಳಿದಳು. ಕೊಕ್ಕೆಯಮ್ಮ ಅವಳ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಟೈಪ್ ಮಾಡಿ ಪಾಠಪುಸ್ತಕದವರಿಗೆ ಕಳಿಸಿದರು. ಇನ್ನೂ ಉತ್ತರವಿಲ್ಲ.

ಈ ಕಂಡಕ್ಟರ್ ಆರು ವರ್ಷದಿಂದ ವಾರದ ರಜೆಯ ದಿನ ಇಲ್ಲಿಗೆ ಬಂದು ಲಿಪಿ ಕಲಿಯುತ್ತಿದ್ದಾಳೆ. ಬೇರೆಯವರು ಓದಿ ಹೇಳಿದ್ದನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ, ಅಪ್ಪನ ಮಾತನ್ನು ನನ್ನ ಕಣ್ಣಿಂದಲೇ ಓದಬೇಕು ಎಂದಿದ್ದಳಂತೆ. ಮೊದಲ ವರ್ಷ ಗೆರೆಗಳು ಅವಳ ಕೈಯಲ್ಲಿ ಬಸ್ಸಿನ ಕುಲುಕಾಟದಂತೆ ಬರುತ್ತಿದ್ದವು. ಈಗ ಮೇಷ್ಟ್ರ ಪುಸ್ತಕಗಳನ್ನು ಒಂದನೆಯದರಿಂದ ಓದುತ್ತಾ, ಕೊಕ್ಕೆಯಮ್ಮನ ಕಾರ್ಬನ್ ಪ್ರತಿಯ ಜೊತೆ ಸಾಲು ಸಾಲಾಗಿ ತಾಳೆ ನೋಡುತ್ತಿದ್ದಾಳೆ.

ಎರಡು ತಿಂಗಳ ಹಿಂದೆ, ಹನ್ನೆರಡನೇ ಪುಸ್ತಕದಲ್ಲಿ, ಅವಳು ಪೆನ್ಸಿಲ್ ನಿಲ್ಲಿಸಿ ಒಂದು ಸಾಲನ್ನು ಮತ್ತೆರಡು ಸಲ ಓದಿದಳು. ಆಮೇಲೆ ಹಾಳೆಯನ್ನು ಕೊಕ್ಕೆಯಮ್ಮನ ಕಡೆಗೆ ಸರಿಸಿದಳು. ಗುಂಡೇಟು ತಿಂದವನ ಹೆಂಡತಿಯೊಬ್ಬಳು ಆಸ್ಪತ್ರೆಯ ಗೇಟಿನ ಹೊರಗೆ ಕಾದದ್ದನ್ನು ಹೇಳುವ ಭಾಗ. ಕೊಕ್ಕೆಯಮ್ಮ ಟೈಪ್ ಮಾಡಿದ್ದು ‘ಮೂರು ಗಂಟೆ ಕಾದೆ’ ಎಂದು. ಮೇಷ್ಟ್ರ ಗೆರೆ ಹೇಳುತ್ತಿದ್ದದ್ದು ‘ಆರು ಗಂಟೆ’. ಭೂತಗನ್ನಡಿ ಹಾಕಿ ನೋಡಿದರು. ಆರೇ.

ಯಜಮಾನರು ಅಂದು ಮೊದಲ ಬಾರಿಗೆ ಹೆಂಡತಿಯ ಮೇಲೆ ದನಿ ಎತ್ತಿದರು. ಇದನ್ನು ಹೊರಗೆ ಹಾಕಿದರೆ ನಿನ್ನ ನಾನೂರು ಪತ್ರವೂ ಮಣ್ಣುಪಾಲು, ಒಂದು ಕಡೆ ತಪ್ಪು ಓದಿದವಳು ಇನ್ನೊಂದು ಕಡೆಯೂ ಓದಿರುತ್ತಾಳೆ ಎನ್ನುತ್ತಾರೆ, ಯಾರೂ ಕಂಡಿಲ್ಲ, ಸುಮ್ಮನಿರು ಎಂದರು. ಕಂಡಕ್ಟರಿಗೂ ಭಯವಿತ್ತು, ಇದರಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಅವಳೇ. ಕೊಕ್ಕೆಯಮ್ಮ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಹನ್ನೊಂದು ವರ್ಷ ಸುಮ್ಮನಿದ್ದದ್ದು ಸಾಕು ಎಂದರು. ಮರುದಿನ ಬೆಳಿಗ್ಗೆ ಪತ್ರಾಗಾರಕ್ಕೊಂದು, ಪ್ರೊಫೆಸರರಿಗೊಂದು ಪತ್ರ ಹೊರಟಿತು: ‘ಹನ್ನೆರಡನೇ ಪುಸ್ತಕ, ನಲವತ್ತನೇ ಹಾಳೆ. ತಪ್ಪು ನನ್ನದು. ಆ ಹೆಂಗಸು ಕಾದದ್ದು ಆರು ಗಂಟೆ.’

ಹದಿನೆಂಟು ವರ್ಷದಲ್ಲಿ ಪ್ರೊಫೆಸರ್ ಈಕೆಗೆ ಬರೆದ ಮೊದಲ ಉತ್ತರ ನಾಲ್ಕನೇ ದಿನಕ್ಕೆ ಬಂತು. ಒಂದೇ ಸಾಲು: ‘ನಿಮ್ಮ ಓದು ವಿಶ್ವಾಸಾರ್ಹವಲ್ಲ ಎಂದು ನೀವೇ ಒಪ್ಪಿಕೊಂಡದ್ದಕ್ಕೆ ಧನ್ಯವಾದ.’ ಅದರ ಪ್ರತಿಗಳನ್ನು ವಿಭಾಗದಲ್ಲಿ ಹಂಚಿದರಂತೆ. ಒಪ್ಪಿದ್ದ ಹತ್ತೊಂಬತ್ತರಲ್ಲಿ ಒಬ್ಬರು ತಮ್ಮ ಒಪ್ಪಿಗೆ ವಾಪಸ್ ತೆಗೆದುಕೊಂಡು ಪತ್ರ ಬರೆದಿದ್ದಾರೆ. ಈಗ ಹದಿನೆಂಟು. ಗೋಡೆಯ ಮೇಲಿನ ಪಟ್ಟಿಯಲ್ಲಿ ಕೊಕ್ಕೆಯಮ್ಮ ತಾವೇ ಅಂಕಿ ಹೊಡೆದುಹಾಕಿ ತಿದ್ದಿದ್ದಾರೆ.

“ಹೋಗ್ಲಿ,” ಎನ್ನುತ್ತಾರೆ. “ಆ ಹೆಂಗಸು ಆರು ಗಂಟೆ ಹೊರಗೆ ನಿಂತಿದ್ಲು, ಒಳಗೆ ಗಂಡ ಸಾಯ್ತಿದ್ದ. ನಾನು ಟೈಪ್ ಮಾಡೋ ಭರದಲ್ಲಿ ಅದರಲ್ಲಿ ಮೂರು ಗಂಟೆ ತಿಂದುಹಾಕಿದ್ದೆ. ತಿಂದಿದ್ದನ್ನ ವಾಪಸ್ ಕೊಡಬೇಕೋ ಬೇಡವೋ?”

ಅವರಿಗೆ ಏನು ಬೇಕು ಎಂದು ಕೇಳಿದರೆ ಪ್ರೊಫೆಸರರ ಫಲಕ ಇಳಿಯಬೇಕು ಎನ್ನುವುದಿಲ್ಲ. ಪತ್ರಾಗಾರದ ದಫ್ತರಿನಲ್ಲಿ ನಲವತ್ತಾರು ನೋಟ್‌ಪುಸ್ತಕಗಳ ಎದುರಿಗೆ ಒಂದು ಅಂಕಣವಿದೆಯಂತೆ, ‘ಲಿಪಿ ಓದಬಲ್ಲವರು’ ಎಂದು. ಅಲ್ಲಿ ಒಂದೇ ಹೆಸರಿದೆ. ಎರಡನೆಯದಾಗಿ ಕಂಡಕ್ಟರಳ ಹೆಸರು ಬರಬೇಕು, ತಾವು ಇಲ್ಲದ ಮೇಲೂ ಆ ಹಾಳೆ ಓದುವವರು ಬೇಕು. ಅಷ್ಟೇ ಆಸೆ. ಅರ್ಜಿ ಕೊಟ್ಟಿದ್ದಾರೆ. ಮಾನ್ಯತೆ ಪಡೆದ ಸಂಸ್ಥೆಯ ಸರ್ಟಿಫಿಕೇಟ್ ಲಗತ್ತಿಸಿ ಎಂದು ಅರ್ಜಿ ವಾಪಸ್ ಬಂದಿದೆ. ಸತ್ತ ಮೇಷ್ಟ್ರ ಸ್ವಂತ ಲಿಪಿಗೆ ಯಾವ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟೀತು?

ಇವತ್ತು ರಜೆಯ ದಿನ. ಆರೂವರೆಗೆ ಕಂಡಕ್ಟರ್ ಬಂದು ಹದಿನೈದನೇ ಪುಸ್ತಕ ತೆರೆದಿದ್ದಾಳೆ. ಕೊಕ್ಕೆಯಮ್ಮ ವಾಪಸ್ ಬಂದ ಅರ್ಜಿಗೆ ಉತ್ತರ ಟೈಪ್ ಮಾಡಿ ಮುಗಿಸಿ, ಹಾಳೆ ಎಳೆದು ಸಹಿ ಹಾಕುತ್ತಾರೆ. ಲಕೋಟೆಗೆ ಹಾಕುವ ಮುಂಚೆ ಒಮ್ಮೆ ಓದಿ ಹೇಳಿ ಎಂದರೆ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ. ಎರಡೇ ಸಾಲು.

“ಇವಳು ಓದ್ತಾಳೆ ಅನ್ನೋದಕ್ಕೆ ಸಾಕ್ಷಿ, ಇವಳು ನನ್ನ ತಪ್ಪು ಹಿಡಿದಿದ್ದಾಳೆ. ‘ಓದು ಲೇಖಕರದು’ ಅಂತ ಅವರು ಬರೆದಾಗ ನೀವು ಯಾವ ಸರ್ಟಿಫಿಕೇಟ್ ಕೇಳಿದ್ರಿ?”